ಬೆಂಕಿಗೂ ಗಾಳಿಗೂ ನಡುವಿನ ತಗಡು



ಸಾಫ್ಟ್‌ವೇರ್ ಬಗ್ಗೆ ಮಾತಾಡು ಎಂದರು. ಅದರ ಬದಲು, ಅಮೆರಿಕದ ಮಿನೆಸೋಟದಲ್ಲಿ ನಾನಿದ್ದ ಮನೆಯ ನೆಲಮಾಳಿಗೆಯ ಫರ್ನೇಸ್ ಎಂಬ ಪೆಟ್ಟಿಗೆಯ ವಿಷಯ ಹೇಳುತ್ತೇನೆ. ಇದೇ ಶಾಲೆಯಲ್ಲಿ ಕಲಿತ ಉಷ್ಣದ ಪಾಠ ನೆನಪಿದ್ದರೆ ಸಾಕು.

ಅಲ್ಲಿ ಜನವರಿಯಲ್ಲಿ ಚಳಿ ಸೊನ್ನೆಗಿಂತ 25 ಡಿಗ್ರಿ ಕೆಳಗಿಳಿಯುವುದುಂಟು. ಗ್ಯಾಸ್ ಉರಿಸಿ ಮನೆಯ ಗಾಳಿಯನ್ನು ಕಾಯಿಸುತ್ತಾರೆ. ಆದರೆ ಆ ಉರಿ ನಾವು ಉಸಿರಾಡುವ ಗಾಳಿಯನ್ನು ಮುಟ್ಟುವುದೇ ಇಲ್ಲ! ನಮ್ಮ ಬಚ್ಚಲ ಹಂಡೆ ನೆನೆಸಿಕೊಳ್ಳಿ: ಉರಿ ಹೊರಗೆ, ನೀರು ಒಳಗೆ, ನಡುವೆ ತಾಮ್ರ. ಫರ್ನೇಸಿನಲ್ಲಿ ಇದು ತಿರುಗುಮುರುಗು. ಉರಿ ಲೋಹದ ಕೊಳವೆಗಳ ಒಳಗೆ. ಗಾಳಿ ಅವುಗಳ ಹೊರಮೈ ಸವರಿ ಬಿಸಿಯಾಗಿ ಕೋಣೆಗಳಿಗೆ ಹೋಗುತ್ತದೆ. ಹೊಗೆಗೆ ಮನೆಯಿಂದಾಚೆ ಬೇರೆಯೇ ದಾರಿ.

ಥರ್ಮೋಸ್ಟಾಟ್ ಚಳಿ ಎಂದೊಡನೆ ಗ್ಯಾಸ್ ಬಿಡುವುದಿಲ್ಲ. ಮೊದಲು ಚಿಕ್ಕ ಫ್ಯಾನೊಂದು ಕೊಳವೆಗಳಲ್ಲಿ ಉಳಿದದ್ದನ್ನು ಹೊರಗೆ ತಳ್ಳುತ್ತದೆ. ಹೊಗೆದಾರಿ ಸರಿಯಿದೆ ಎಂದು ಒತ್ತಡದ ಸ್ವಿಚ್ಚು ಒಪ್ಪಿದ ಮೇಲೆ ಇಗ್ನೈಟರ್ ಕೆಂಪಗೆ ಕಾಯುತ್ತದೆ, ಆಮೇಲೆ ಗ್ಯಾಸ್. ಉರಿಯಲ್ಲೊಂದು ಸರಳು, ಅದರಲ್ಲಿ ಕೆಲವೇ ಮೈಕ್ರೋಆಂಪಿಯರ್ ವಿದ್ಯುತ್ ಹರಿದರೆ ಬೆಂಕಿ ಹೊತ್ತಿದೆ ಎಂದರ್ಥ. ಕೆಲವು ಸೆಕೆಂಡಿನಲ್ಲಿ ಹರಿಯದಿದ್ದರೆ ಗ್ಯಾಸ್ ಬಂದ್. ನಾನು ಹೊಟ್ಟೆಪಾಡಿಗೆ ಬರೆಯುವ ಪ್ರೋಗ್ರಾಮುಗಳಿಗೂ ಇಷ್ಟು ಅನುಮಾನವಿಲ್ಲ. ಗಾಳಿ ಬೀಸುವ ದೊಡ್ಡ ಫ್ಯಾನು ಕೊನೆಗೆ, ಕೊಳವೆ ಬಿಸಿಯಾದ ಮೇಲೆ.

ಅನುಮಾನಕ್ಕೆ ಕಾರಣವಿದೆ. ಆ ತಗಡು ಬಿರಿದರೆ, ಹೊಗೆದಾರಿ ಹಿಮದಿಂದ ಮುಚ್ಚಿದರೆ, ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೆ ಬರಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ಮಂಪರು. ಮಲಗಿದವರು ಏಳದೆಯೂ ಹೋಗಬಹುದು. ಮಿನೆಸೋಟದ ಕಾನೂನಿನಂತೆ ಮಲಗುವ ಕೋಣೆಯ 10 ಅಡಿಯೊಳಗೆ ಇದರ ಅಲಾರಂ ಇರಬೇಕು.

ಈಗ ನಮ್ಮ ಮನೆಗಳಿಗೆ ಬನ್ನಿ. ಹಳೆಯ ಬಚ್ಚಲಲ್ಲಿ ಸೌದೆ ಹೊಗೆ ಕಣ್ಣುರಿಸಿ ನಮ್ಮನ್ನು ಹೊರಗೋಡಿಸುತ್ತಿತ್ತು, ಹೆಂಚಿನ ಸಂದಿಯಲ್ಲಿ ತಾನೂ ಹೋಗುತ್ತಿತ್ತು. ಈಗ ಆರ್‌ಸಿಸಿ ಬಚ್ಚಲು, ಅಂಗೈಯಗಲದ ಕಿಟಕಿ, ಒಳಗೇ ಗ್ಯಾಸ್ ಗೀಜರ್. ಉರಿಗೂ ನೀರಿಗೂ ನಡುವೆ ತಾಮ್ರವೇನೋ ಇದೆ. ಉರಿದ ಗ್ಯಾಸು ಮಾತ್ರ ಸ್ನಾನ ಮಾಡುವವರ ಮೂಗಿನ ಮುಂದೆಯೇ ಉಳಿಯುತ್ತದೆ. ಬಾಣಂತಿ ಕೋಣೆಯ ಬಾಗಿಲು ಕಿಟಕಿ ಭದ್ರಮಾಡಿ ಕೆಂಡದ ಅಗ್ಗಿಷ್ಟಿಕೆ ಇಡುವುದೂ ಅಷ್ಟೇ ಅಪಾಯ. ಕೆಂಡಕ್ಕೆ ಹೊಗೆ ಕಾಣದಿದ್ದರೂ ಈ ವಿಷಾನಿಲ ಇರುತ್ತದೆ.

ಗೀಜರನ್ನು ಬಚ್ಚಲ ಹೊರಗೋಡೆಗೆ, ಗಾಳಿಯಾಡುವ ಕಡೆ ಹಾಕಿಸಿ. ಒಳಗೆ ಬಿಸಿನೀರಿನ ಪೈಪು ಮಾತ್ರ ಬರಲಿ. ಭಾನುವಾರದವರೆಗೆ ಊರಲ್ಲೇ ಇದ್ದೇನೆ. ಕರೆದರೆ ಬಂದು ನೋಡುತ್ತೇನೆ, ಕಾಫಿ ಕೊಟ್ಟರೆ ಸಾಕು.