ಸರಾಸರಿ ದೇಹ ಯಾರದ್ದೂ ಅಲ್ಲ
(ಕುಡಿಯುವ ನೀರು, ವಂಶವಾಹಿ ಮತ್ತು ಗರ್ಭದ ಕೂಸು: ದತ್ತಿ ಉಪನ್ಯಾಸ)



ನೀರಿಗೆ ಕ್ಲೋರಿನ್ ಬೆರೆಸುವುದು ಕಳೆದ ಶತಮಾನದ ದೊಡ್ಡ ಪುಣ್ಯದ ಕೆಲಸ. ಕಾಲರಾ, ಟೈಫಾಯ್ಡ್‌ಗಳ ಹಾವಳಿ ತಗ್ಗಿದ್ದರಲ್ಲಿ ಅದರ ಪಾಲು ದೊಡ್ಡದು. ನನ್ನ ಮಾತನ್ನು ಯಾರೂ ಕ್ಲೋರಿನ್ ಮೇಲಿನ ದೂರು ಎಂದು ಭಾವಿಸದಿರಲಿ ಎಂದೇ ಇದನ್ನು ಮೊದಲಿಗೆ ಹೇಳಿಬಿಡುತ್ತೇನೆ.

1

ನದಿ, ಕೆರೆಗಳ ನೀರಿನಲ್ಲಿ ಕೊಳೆತ ಎಲೆ, ಪಾಚಿಗಳಿಂದ ಬಂದ ಸಾವಯವ ಅಂಶ ಇದ್ದೇ ಇರುತ್ತದೆ. ಅದು ಕ್ಲೋರಿನ್ ಜೊತೆ ಸೇರಿದಾಗ ಕ್ಲೋರೋಫಾರ್ಮ್ ಮತ್ತು ಅದರ ದಾಯಾದಿ ರಾಸಾಯನಿಕಗಳು ಹುಟ್ಟುತ್ತವೆ. 1974ರಲ್ಲಿ ಇದನ್ನು ತೋರಿಸಿಕೊಟ್ಟವರು ರಾಟರ್‌ಡ್ಯಾಮ್‌ನ ರಸಾಯನಶಾಸ್ತ್ರಜ್ಞ ಯೋಹಾನೆಸ್ ರೂಕ್. ಟ್ರೈಹ್ಯಾಲೋಮೀಥೇನ್ ಎಂಬ ಈ ಗುಂಪು ಕುಡಿಯುವುದರಿಂದಷ್ಟೇ ಮೈಸೇರುವುದಿಲ್ಲ. ಬಾಗಿಲು ಹಾಕಿದ ಬಚ್ಚಲಲ್ಲಿ ಬಿಸಿನೀರು ಹುಯ್ದುಕೊಳ್ಳುವಾಗ ಹಬೆಯ ಜೊತೆ ಉಸಿರಿಗೂ, ತೊಗಲಿನ ಮೂಲಕ ರಕ್ತಕ್ಕೂ ಇಳಿಯುತ್ತದೆ.

ಇದರಿಂದ ಹೊಟ್ಟೆಯಲ್ಲಿರುವ ಕೂಸಿನ ಬೆಳವಣಿಗೆ ಕುಂಠಿತವಾಗುತ್ತದೆಯೇ? ಕೆಲವು ಅಧ್ಯಯನಗಳು ಹೌದು ಎಂದವು, ಕೆಲವು ಇಲ್ಲ ಎಂದವು. 2004ರಲ್ಲಿ ಕೆನಡಾದ ಮಾಂಟ್ರಿಯಲ್‌ನಿಂದ ಕ್ಲೇರ್ ಇನ್‌ಫಾಂಟ್-ರಿವಾರ್ಡ್ ಅವರ ಅಧ್ಯಯನ ಪ್ರಕಟವಾಯಿತು. ಗರ್ಭದಲ್ಲಿ ಕಳೆದ ವಾರಗಳ ಲೆಕ್ಕಕ್ಕೆ ಕಡಿಮೆ ತೂಕವಿದ್ದ ಶಿಶುಗಳನ್ನೂ ಸರಿ ತೂಕದ ಶಿಶುಗಳನ್ನೂ ಹೋಲಿಸಿದಾಗ, ಒಟ್ಟಾರೆ ನೋಡಿದರೆ ನೀರಿನ ದೋಷ ಕಾಣಲಿಲ್ಲ. ಆದರೆ ಸಿವೈಪಿ2ಇ1 ಎಂಬ ವಂಶವಾಹಿಯ ಒಂದು ಬದಲಿ ರೂಪ ಹೊತ್ತ ಶಿಶುಗಳನ್ನು ಬೇರೆಯಾಗಿ ನೋಡಿದಾಗ, ಟ್ರೈಹ್ಯಾಲೋಮೀಥೇನ್ ಹೆಚ್ಚಿದ್ದ ಕಡೆ ಅಪಾಯ ಹತ್ತು ಪಟ್ಟನ್ನೂ ಮೀರಿತ್ತು. ಅಂಥ ಶಿಶುಗಳು ಬೆರಳೆಣಿಕೆಯಷ್ಟಿದ್ದುದರಿಂದ ಆ ಅಂಕಿಯನ್ನು ಗಟ್ಟಿ ಎನ್ನಲಾಗದು. ಆದರೂ ಅದು ತೋರಿದ ದಿಕ್ಕು ಮುಖ್ಯ. ಈ ವಂಶವಾಹಿಯಿಂದ ತಯಾರಾಗುವ ಕಿಣ್ವವೇ ಯಕೃತ್ತಿನಲ್ಲಿ ಕ್ಲೋರೋಫಾರ್ಮನ್ನು ಒಡೆದು, ಜೀವಕೋಶಕ್ಕೆ ಇನ್ನೂ ಹಾನಿಕರವಾದ ಫಾಸ್ಜೀನ್ ಆಗಿಸುತ್ತದೆ. ಲಿಥುವೇನಿಯಾದ ಕೌನಾಸ್ ನಗರದ ಗರ್ಭಿಣಿಯರ ಅಧ್ಯಯನದಲ್ಲೂ ವಿಷ ಕಳೆಯುವ ಜಿಎಸ್‌ಟಿಎಂ1 ವಂಶವಾಹಿ ಇಲ್ಲದ ತಾಯಂದಿರ ವಿಷಯದಲ್ಲಿ ಇಂಥದೇ ಸುಳಿವು ಸಿಕ್ಕಿತು.

2

ನೀರಿನಲ್ಲಿ ಸಿಗುವ ಇನ್ನೊಂದು ವಿಷ ಆರ್ಸೆನಿಕ್; ವಂಶವಾಹಿಯ ಪಾತ್ರದ ಮಟ್ಟಿಗೆ ಅದರ ಕಥೆ ಇನ್ನೂ ಸ್ಪಷ್ಟ. ಅದು ಮಾಸನ್ನು ದಾಟಿ ಕೂಸನ್ನು ತಲುಪುತ್ತದೆ. ಅದನ್ನು ಮೂತ್ರದಲ್ಲಿ ಹೊರಹಾಕಲು ನೆರವಾಗುವುದು ಎಎಸ್3ಎಂಟಿ ಎಂಬ ವಂಶವಾಹಿ. ಆಂಡಿಸ್ ಬೆಟ್ಟಗಳ ನಡುವಿನ ಸಾನ್ ಆಂಟೋನಿಯೊ ದೆ ಲಾಸ್ ಕೋಬ್ರೆಸ್ ಎಂಬ ಅರ್ಜೆಂಟೀನಾದ ಊರಿನ ಜನ ತಲೆತಲಾಂತರದಿಂದ ಆರ್ಸೆನಿಕ್ ನೀರನ್ನೇ ಕುಡಿದವರು. ಅದನ್ನು ಚೆನ್ನಾಗಿ ನಿಭಾಯಿಸುವ ವಂಶವಾಹಿ ರೂಪ ಅವರಲ್ಲಿ ವಿಶೇಷವಾಗಿ ಹೆಚ್ಚಿದೆ ಎಂದು 2015ರಲ್ಲಿ ಪ್ರಕಟವಾಯಿತು. ಹೊಂದಿಕೊಂಡರಲ್ಲ ಎಂದು ಮೆಚ್ಚುವ ಮುನ್ನ ಯೋಚಿಸಬೇಕು: ನಿಭಾಯಿಸಲಾಗದವರ ಸಂತತಿ ಕ್ಷೀಣಿಸುತ್ತ ಬಂದದ್ದರಿಂದಲೇ ಈ ಹೊಂದಾಣಿಕೆ.

ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದ ಕೊಳವೆಬಾವಿ ನೀರಿನಲ್ಲೂ ಆರ್ಸೆನಿಕ್ ಸಿಕ್ಕಿತ್ತು. ಆ ತಾಂಡಾದವರಿಗೆ ಅಷ್ಟು ತಲೆಮಾರು ಕಾಯಿರಿ ಎನ್ನಲು ಯಾರಿಗೆ ಬಾಯಿ ಬಂದೀತು?

3

ಹಾಗಾದರೆ ಗರ್ಭಿಣಿಯರಿಗೆಲ್ಲ ವಂಶವಾಹಿ ಪರೀಕ್ಷೆ ಮಾಡಿಸೋಣವೇ? ಬೇಡ. ನಾಳೆ ‘ನಿನ್ನ ಮೈಯಲ್ಲೇ ದೋಷ’ ಎಂದು ಸೊಸೆಯನ್ನು ಹಂಗಿಸಲು ಇನ್ನೊಂದು ಕಾಗದ ಸಿಕ್ಕಂತಾಗುತ್ತದೆ, ಅಷ್ಟೇ. ವಂಶವಾಹಿ ಬದಲಾಗದು, ನೀರು ಬದಲಾದೀತು. ಈ ಅಧ್ಯಯನಗಳು ಪಾಠ ಹೇಳುತ್ತಿರುವುದು ತಾಯಂದಿರಿಗಲ್ಲ, ನೀರಿನಲ್ಲಿ ಇಂಥ ರಾಸಾಯನಿಕ ಎಷ್ಟಿರಬಹುದೆಂಬ ಮಿತಿ ಗೊತ್ತುಮಾಡುವವರಿಗೆ. ಸರಾಸರಿಯಲ್ಲಿ ಮುಚ್ಚಿಹೋಗುವ ದುರ್ಬಲರನ್ನು ಲೆಕ್ಕಕ್ಕೆ ಹಿಡಿದೇ ಮಿತಿ ಹಾಕಬೇಕು.

ದಾರಿ ಹೊಸದೇನಲ್ಲ. ಕ್ಲೋರಿನ್ ಹಾಕುವ ಮುನ್ನವೇ ನೀರನ್ನು ತಿಳಿಗೊಳಿಸಿ, ಸೋಸಿ, ಸಾವಯವ ಅಂಶ ತಗ್ಗಿಸಬೇಕು. ಮನೆಯಲ್ಲಿ, ಗಾಳಿಯಾಡುವ ಕಡೆ ಪಾತ್ರೆಯ ಮುಚ್ಚಳ ತೆಗೆದು ಕುದಿಸಿದರೆ ಕ್ಲೋರೋಫಾರ್ಮ್ ಬಹುಪಾಲು ಹಾರಿಹೋಗುತ್ತದೆ. ಆರ್ಸೆನಿಕ್ ಹಾಗಲ್ಲ, ಕುದಿಸಿದಷ್ಟೂ ನೀರು ಇಂಗಿ ಅದು ಗಟ್ಟಿಯಾಗುತ್ತದೆ. ಅಲ್ಲಿ ನೀರಿನ ಮೂಲವನ್ನೇ ಬದಲಿಸಬೇಕು, ಇಲ್ಲವೇ ಅದಕ್ಕೆಂದೇ ಮಾಡಿದ ಶುದ್ಧೀಕರಣ ಬೇಕು.

ಕೊನೆಗೊಂದು ಸಲಹೆ. ಗರ್ಭಿಣಿಗೆ ತಾಯಿ ಕಾರ್ಡ್ ಮಾಡಿಸುವಾಗ ರಕ್ತ, ತೂಕ, ಬಿಪಿ ನೋಡುತ್ತೇವೆ. ‘ಕುಡಿಯುವ ನೀರು ಎಲ್ಲಿಯದು, ಅದರ ಪರೀಕ್ಷೆ ಯಾವಾಗ ಆಗಿದೆ?’ ಎಂದೂ ಕೇಳಿ ಬರೆದುಕೊಳ್ಳಬೇಕು. ಉತ್ತರ ಕೊಡಬೇಕಾದವಳು ಆ ಹೆಣ್ಣುಮಗಳಲ್ಲ, ಅವಳೂರಿಗೆ ನೀರು ಬಿಡುವವರು.