ಗುರುವಿನ ಋಣ, ನೆಲೆಯ ಋಣ

ಕೆಂಗೇರಿಯ ಮಗ್ಗುಲಲ್ಲಿ ಬೆಳೆದ ಬಡಾವಣೆಯನ್ನು ನಾವು ಉಪನಗರವೆನ್ನುತ್ತೇವೆ. ಭೂಮಿಯನ್ನು ಸುತ್ತುವ ಯಂತ್ರವನ್ನು ಉಪಗ್ರಹವೆನ್ನುತ್ತೇವೆ. ಇಂಗ್ಲಿಷಿನಲ್ಲಿ ಎರಡಕ್ಕೂ ಸ್ಯಾಟಲೈಟ್ ಎಂಬ ಒಂದೇ ಮಾತು ಸಲ್ಲುತ್ತದೆ. ಈ ಉಪನಗರದಿಂದ ಮೆಟ್ರೋ ರೈಲಿನಲ್ಲಿ ಹೊರಟು, ಮೆಜೆಸ್ಟಿಕ್ಕಿನಲ್ಲಿ ಗಾಡಿ ಬದಲಾಯಿಸಿದರೆ ಪೀಣ್ಯವನ್ನು ಮುಟ್ಟಬಹುದು. ನಮ್ಮ ದೇಶದ ಮೊದಲನೆಯ ಉಪಗ್ರಹವು ಸಿದ್ಧವಾದದ್ದು ಆ ಪೀಣ್ಯದ ಷೆಡ್ಡುಗಳಲ್ಲಿ. ಆ ಕಾರ್ಯದ ಮುಂದಾಳಾಗಿದ್ದ ವಿಜ್ಞಾನಿಯ ವಿಷಯವಾಗಿ ಶ್ರೋತೃಗಳೊಡನೆ ನಾಲ್ಕು ಮಾತನ್ನಾಡಬೇಕೆಂದು ನಾವು ಬಯಸಿದ್ದೇವೆ.

ವಿಜ್ಞಾನಿಯೊಬ್ಬನು ಹೇಗೆ ರೂಪುಗೊಳ್ಳುತ್ತಾನೆಂದು ಕೇಳಿದರೆ, ಬುದ್ಧಿಯಿಂದ, ಪರಿಶ್ರಮದಿಂದ ಎಂದು ಉತ್ತರ ಕೊಡುವುದು ವಾಡಿಕೆ. ಅವೆರಡೂ ಬೇಕೇ ಬೇಕು. ಆದರೆ ಯಾರ ಬಳಿಯಲ್ಲಿ ಕಲಿತನು, ಎಲ್ಲೆಲ್ಲಿ ದುಡಿದನು ಎಂಬುವೂ ಅಷ್ಟೇ ಬಲವಾಗಿ ಅವನ ಬಾಳನ್ನು ತಿದ್ದುತ್ತವೆ. ಇದಕ್ಕೆ ಉಡುಪಿ ರಾಮಚಂದ್ರ ರಾಯರ ಜೀವನಕ್ಕಿಂತ ಒಳ್ಳೆಯ ನಿದರ್ಶನವನ್ನು ನಾವು ಕಾಣೆವು.

ರಾಯರು 1932ರಲ್ಲಿ ಉಡುಪಿಯ ಬಳಿಯ ಅದಮಾರಿನಲ್ಲಿ ಹುಟ್ಟಿದರು. ಉಡುಪಿ, ಬಳ್ಳಾರಿ, ಅನಂತಪುರ, ಕಾಶಿ, ಹೀಗೆ ಊರೂರು ತಿರುಗಿ ವಿದ್ಯೆಯನ್ನು ಸಂಪಾದಿಸಿದರು. ಮಂಗಳೂರು ಮೈಸೂರುಗಳಲ್ಲಿ ಕೆಲಕಾಲ ಪಾಠ ಹೇಳಿದರು. ಅಲ್ಲಿಯೇ ನಿಂತಿದ್ದರೆ ಒಳ್ಳೆಯ ಉಪಾಧ್ಯಾಯರೆಂಬ ಹೆಸರು ಬರುತ್ತಿದ್ದಿತು. ಅವರು ಅಹಮದಾಬಾದಿನ ಭೌತವಿಜ್ಞಾನ ಸಂಶೋಧನಾಲಯಕ್ಕೆ ಹೋಗಿ ವಿಕ್ರಮ ಸಾರಾಭಾಯಿಯವರ ಶಿಷ್ಯರಾದರು. ಸಾರಾಭಾಯಿಯವರಾದರೋ, ಮಹಾಯುದ್ಧದ ದಿನಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸರ್ ಸಿ. ವಿ. ರಾಮನ್ನರ ಆಶ್ರಯದಲ್ಲಿ ವಿಶ್ವಕಿರಣಗಳ ಅಭ್ಯಾಸವನ್ನು ಮಾಡಿದವರು. ಆಕಾಶದ ಆಳದಿಂದ ಮಹಾವೇಗದಲ್ಲಿ ಬಂದು ನಮ್ಮ ವಾಯುಮಂಡಲವನ್ನು ತಾಕುವ ಕಣಗಳಿಗೆ ಆ ಹೆಸರು. ಗುರುವು ಬೆಂಗಳೂರಿನಲ್ಲಿ ಹಿಡಿದ ಪ್ರಶ್ನೆಯೇ ಅಹಮದಾಬಾದಿನಲ್ಲಿ ಶಿಷ್ಯನ ಪಾಲಿಗೆ ಬಂದಿತು.

1960ರಲ್ಲಿ ಡಾಕ್ಟರ್ ಪದವಿಯನ್ನು ಪಡೆದ ರಾಯರು ಅಮೆರಿಕಕ್ಕೆ ತೆರಳಿ, ಮೊದಲು ಮ್ಯಾಸಚೂಸೆಟ್ಸಿನಲ್ಲಿಯೂ ಅನಂತರ ಡಲ್ಲಾಸಿನಲ್ಲಿಯೂ ಕೆಲಸ ಮಾಡಿದರು. ಈ ಕಣಗಳು ವಾಯುಮಂಡಲವನ್ನು ಹೊಕ್ಕೊಡನೆ ಮಾರ್ಪಡುವುದರಿಂದ, ಅವುಗಳ ನಿಜರೂಪವನ್ನು ಅರಿಯಬೇಕಾದರೆ ಉಪಕರಣವನ್ನೇ ಮೇಲಕ್ಕೆ ಕಳುಹಿಸಬೇಕು. ಪಯೋನಿಯರ್, ಎಕ್ಸ್‌ಪ್ಲೋರರ್ ಎಂಬ ನೌಕೆಗಳ ಮೇಲೆ ನಡೆದ ವಿಶ್ವಕಿರಣ ಪ್ರಯೋಗಗಳಲ್ಲಿ ರಾಯರ ಕೈಯಿದ್ದಿತು. ಅಂತಹ ಉಪಕರಣವು ಹಗುರವಾಗಿರಬೇಕು, ಅಲ್ಪ ವಿದ್ಯುತ್ತಿನಲ್ಲಿ ನಡೆಯಬೇಕು. ಒಮ್ಮೆ ಹಾರಿದ ಮೇಲೆ ಅದನ್ನು ಮುಟ್ಟಿ ಸರಿಪಡಿಸುವಂತಿಲ್ಲ. ಪುಸ್ತಕದಿಂದ ಬಾರದ ಈ ಶಿಸ್ತನ್ನು ಅವರು ಆ ನೆಲೆಯಲ್ಲಿ ಕೈಯಾರೆ ಕಲಿತರು.

1966ರಲ್ಲಿ ಅವರು ಅಹಮದಾಬಾದಿಗೆ ಮರಳಿದಾಗ, ಇಂತಹ ಅನುಭವವುಳ್ಳವರು ನಮ್ಮ ದೇಶದಲ್ಲಿ ಅತಿ ವಿರಳರು. ಆದುದರಿಂದ ಉಪಗ್ರಹದ ಹೊಣೆಯನ್ನು ಸಾರಾಭಾಯಿಯವರು ಶಿಷ್ಯನಿಗೇ ವಹಿಸಿದರು. ಆದರೆ 1971ರ ಡಿಸೆಂಬರ್ 30ರಂದು, ತಮ್ಮ 52ನೆಯ ವಯಸ್ಸಿನಲ್ಲಿ, ಸಾರಾಭಾಯಿಯವರು ಹಠಾತ್ತನೆ ತೀರಿಕೊಂಡರು.

ಗುರುವಿಲ್ಲದ ಮೇಲೆ ಗುರುವಿನ ಸಂಕಲ್ಪವೂ ಉಳಿಯುವುದೆ? ಶಿಷ್ಯನ ನಿಜವಾದ ಪರೀಕ್ಷೆ ಇಲ್ಲಿಯೇ ಎಂದು ನಾವು ತಿಳಿಯುತ್ತೇವೆ. 1972ರ ಮೇ ತಿಂಗಳಲ್ಲಿ ಸೋವಿಯತ್ ದೇಶದೊಡನೆ ಉಪಗ್ರಹದ ಉಡಾವಣೆಗೆ ಒಪ್ಪಂದವಾಯಿತು. ಭಾರತೀಯ ವಿಜ್ಞಾನ ಮಂದಿರದ ನಿರ್ದೇಶಕರಾಗಿದ್ದ ಸತೀಶ್ ಧವನ್ನರು ಅದೇ ವರ್ಷ ಬಾಹ್ಯಾಕಾಶ ಸಂಸ್ಥೆಯ ಅಧ್ಯಕ್ಷತೆಯನ್ನು ವಹಿಸಿಕೊಂಡು ರಾಯರಿಗೆ ಬೆಂಬಲವಾಗಿ ನಿಂತರು. ವಿಮಾನ ಕಾರ್ಖಾನೆ, ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳಿದ್ದ ಬೆಂಗಳೂರೇ ಕಾರ್ಯಕ್ಷೇತ್ರವಾಯಿತು. ಪೀಣ್ಯದಲ್ಲಿ ದೊರೆತವು ಕಲ್ನಾರಿನ ಮಾಡಿನ ನಾಲ್ಕು ಷೆಡ್ಡುಗಳು. ಜೊತೆಗೆ, ಉಪಗ್ರಹವನ್ನು ಎಂದೂ ಕಟ್ಟಿರದ ತರುಣರ ಒಂದು ತಂಡ.

ಮೂರು ವರ್ಷದೊಳಗೆ, 360 ಕಿಲೋಗ್ರಾಂ ತೂಕದ, 26 ಮುಖಗಳ ಆರ್ಯಭಟ ಸಿದ್ಧವಾಗಿ, 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಮೇಲೇರಿತು. ಆದರೆ ಕೆಲವೇ ದಿನಗಳಲ್ಲಿ ಅದರೊಳಗಿನ ವೈಜ್ಞಾನಿಕ ಪ್ರಯೋಗಗಳಿಗೆ ವಿದ್ಯುತ್ತು ನಿಂತುಹೋಯಿತು. ವಿಶ್ವಕಿರಣದ ಅಭ್ಯಾಸಿಯಾಗಿದ್ದ ರಾಯರಿಗೆ ಇದು ಸಣ್ಣ ನೋವಾಗಿರಲಾರದು. ಪ್ರಯೋಗ ನಿಂತರೂ, ಉಪಗ್ರಹವನ್ನು ಕಟ್ಟಿ, ಕಕ್ಷೆಯಲ್ಲಿ ನಡೆಸಿ, ಅದರ ಸಂಕೇತಗಳನ್ನು ಹಿಡಿಯುವ ವಿದ್ಯೆ ತಂಡಕ್ಕೆ ಕೈವಶವಾಗಿದ್ದಿತು. 1979ರಲ್ಲಿ ಭಾಸ್ಕರ ಮೇಲೇರಿತು. ಅದರ ಮುಖ್ಯಸ್ಥರಾಗಿದ್ದ ಕಸ್ತೂರಿರಂಗನ್ನರು ಆರ್ಯಭಟದ ಕೆಲಸದಲ್ಲಿ ಪಳಗಿದವರು. 1994ರಲ್ಲಿ ರಾಯರು ಬಾಹ್ಯಾಕಾಶ ಸಂಸ್ಥೆಯ ಅಧ್ಯಕ್ಷಪದವಿಯನ್ನು ಬಿಟ್ಟಾಗ ಆ ಸ್ಥಾನಕ್ಕೆ ಬಂದವರೂ ಅವರೇ. ಹೀಗೆ ರಾಮನ್ನರಿಂದ ಸಾರಾಭಾಯಿ, ಸಾರಾಭಾಯಿಯವರಿಂದ ರಾಯರು, ರಾಯರಿಂದ ಕಸ್ತೂರಿರಂಗನ್ನರು. ಬೆಂಗಳೂರಿನಲ್ಲಿ ಹೊತ್ತಿದ ದೀಪ ಹಲವು ಊರು ಸುತ್ತಿ ಬೆಂಗಳೂರಿಗೇ ಬಂದು ಬೆಳಗಿತು.

ನೆಲೆಯನ್ನು ಬದಲಿಸಿದ ಮಾತ್ರಕ್ಕೆ ಯಾರೂ ವಿಜ್ಞಾನಿಯಾಗರು. ರಾಯರು ಒಂದೊಂದು ನೆಲೆಯನ್ನು ಬಿಡುವಾಗಲೂ ಅಲ್ಲಿ ಕಲಿತುದನ್ನು ಕೈಯಲ್ಲಿ ಹಿಡಿದೇ ಹೊರಟರು: ಅಹಮದಾಬಾದಿನಿಂದ ಪ್ರಶ್ನೆಯನ್ನು, ಅಮೆರಿಕದಿಂದ ಶಿಸ್ತನ್ನು ತಂದು, ಎರಡನ್ನೂ ಪೀಣ್ಯದ ತರುಣರಿಗೆ ಹಂಚಿದರು. ಅವರು 2017ರಲ್ಲಿ ತೀರಿಕೊಂಡರು. ಮರುವರ್ಷ ಬೆಂಗಳೂರಿನ ಉಪಗ್ರಹ ಕೇಂದ್ರಕ್ಕೆ ಅವರ ಹೆಸರನ್ನಿಟ್ಟರು.

ಕೆಂಗೇರಿ ಉಪನಗರದ ನೆರೆಯಲ್ಲಿಯೇ ಜ್ಞಾನಭಾರತಿಯಿದೆ. ಅಲ್ಲಿ ವಿಜ್ಞಾನವನ್ನು ಓದುವ ತರುಣ ತರುಣಿಯರಿಗೆ, ಮುಂದೆ ಯಾವ ಊರು, ಯಾವ ಕೆಲಸ ಎಂಬ ಚಿಂತೆ ಸಹಜವಾದುದು. ಸಂಬಳವನ್ನೂ ಕಟ್ಟಡವನ್ನೂ ವಿಚಾರಿಸಲಿ, ತಪ್ಪಿಲ್ಲ. ಅದರೊಡನೆ, ಅಲ್ಲಿ ತಮ್ಮನ್ನು ನಂಬಿ ಹೊಣೆಯನ್ನು ಕೊಡುವ ಹಿರಿಯರಿರುವರೆ ಎಂದೂ ವಿಚಾರಿಸಲಿ. ತಾವೇ ಹಿರಿಯರಾಗುವ ದಿನವೂ ಬರುತ್ತದೆ. ಆಗ ಷೆಡ್ಡಿನಲ್ಲಿ ನಿಂತ ಹೊಸಬನೊಬ್ಬನ ಕೈಗೆ ದೊಡ್ಡ ಕೆಲಸವನ್ನು ಕೊಟ್ಟರೆ, ಗುರುವಿನ ಋಣ ತೀರಿದಂತೆಯೇ ಸರಿ.