ಚೀನಾದ ಅರಮನೆಯೊಳಗೆ ಅತ್ತೆಯ ಜೊತೆ

(ನಮ್ಮ ಮಹಿಳಾ ವೇದಿಕೆಯ ತಿಂಗಳ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ)



ಈ ತಿಂಗಳ ವಿಷಯ 'ನನ್ನ ಹೊಸ ಹವ್ಯಾಸ' ಅಂತ ಗೊತ್ತಾದಾಗ ನಾನು ಸುಮ್ಮನೆ ಕೂತಿದ್ದೆ. ಹೋದ ಸಲ ಒಬ್ಬರು ಟೆರೇಸ್ ತೋಟದ ಬಗ್ಗೆ, ಇನ್ನೊಬ್ಬರು ಕಸೂತಿಯ ಬಗ್ಗೆ ಅಷ್ಟು ಚೆನ್ನಾಗಿ ಮಾತಾಡಿದ್ದರು. ಅವರ ನಂತರ ನಿಂತು "ನಾನು ರಾತ್ರಿ ಚೀನೀ ಸೀರಿಯಲ್ ನೋಡ್ತೀನಿ" ಅಂತ ಹೇಳೋದು ಹೇಗೆ? ಆದರೆ ಅಕ್ಕಂದಿರು ಬಿಡಲಿಲ್ಲ, ಹೇಳಿಯೇ ಬಿಡುತ್ತೇನೆ.

ನಾನು ಶಿವಮೊಗ್ಗದ ಕಡೆಯವಳು, ಮದುವೆಯಾಗಿ ಪುಣೆಗೆ ಬಂದೆ. ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್, ಅಂದರೆ ಬೇರೆಯವರ ತಪ್ಪು ಹುಡುಕುವುದು. 2021ರಲ್ಲಿ ನಮ್ಮ ಮಾವ ತೀರಿಕೊಂಡ ಮೇಲೆ ಅತ್ತೆಯವರನ್ನು ಧಾರವಾಡದಿಂದ ಕರೆತಂದೆವು. ನನ್ನ ಗಂಡನಿಗೆ ಆಫೀಸಿನಲ್ಲಿ ಸಿಕ್ಕಿದ್ದು ಮೂರು ದಿನದ ರಜೆ. ನಾಲ್ಕನೇ ದಿನ ಅವರು ಲ್ಯಾಪ್‌ಟಾಪ್ ತೆಗೆದರು, ನಾನೂ ತೆಗೆದೆ. ಅತ್ತೆ ಹಾಲಿನ ಸೋಫಾದ ತುದಿಯಲ್ಲಿ ಕೂತರು. ಹಾಗೇ ನಾಲ್ಕು ತಿಂಗಳು ಕೂತಿದ್ದರು. ಊಟ ಮಾಡಿದ್ರಾ ಅಂದರೆ "ಹೂಂ", ನಿದ್ದೆ ಬಂತಾ ಅಂದರೆ "ಹೂಂ". ಕನ್ನಡ ಚಾನೆಲ್ ಹಾಕಿಕೊಟ್ಟರೆ ಐದು ನಿಮಿಷಕ್ಕೆ ಆಫ್ ಮಾಡುತ್ತಿದ್ದರು. ಅವೆಲ್ಲ ಮಾವನ ಜೊತೆ ನೋಡುತ್ತಿದ್ದ ಸೀರಿಯಲ್‌ಗಳು ಅಂತ ನನಗೆ ತಡವಾಗಿ ಹೊಳೆಯಿತು.

ಒಂದು ರಾತ್ರಿ ಕೆಲಸ ಮುಗಿಸಿ, ಹೆಡ್‌ಫೋನ್ ಹಾಕಿಕೊಂಡು ಟಿವಿಯಲ್ಲಿ 'ಸ್ಟೋರಿ ಆಫ್ ಯಾನ್‌ಶಿ ಪ್ಯಾಲೇಸ್' ನೋಡುತ್ತಿದ್ದೆ. ಹಿಂದಿನಿಂದ ದನಿ ಬಂತು: "ಯಾರs ಆಕಿ? ಯಾಕಿಷ್ಟು ಅಳಲಿಕತ್ತಾಳ?"

ನಾಲ್ಕು ತಿಂಗಳಲ್ಲಿ ಅತ್ತೆ ತಾವಾಗಿ ಕೇಳಿದ ಮೊದಲ ಪ್ರಶ್ನೆ ಅದು. ಹೆಡ್‌ಫೋನ್ ಕಿತ್ತು ಪಕ್ಕಕ್ಕಿಟ್ಟೆ.

ಕಥೆ ಹೀಗಿದೆ. 1741ನೇ ಇಸವಿ, ಬೀಜಿಂಗಿನ ಅರಮನೆ, ಚಿಯೆನ್‌ಲಾಂಗ್ ಚಕ್ರವರ್ತಿಯ ಕಾಲ. ವೇ ಯಿಂಗ್‌ಲುವೋ ಎಂಬ ಹುಡುಗಿ ಕಸೂತಿ ಹಾಕುವ ಸೇವಕಿಯಾಗಿ ಒಳಗೆ ಬರುತ್ತಾಳೆ. ಅವಳ ಅಕ್ಕ ಅದೇ ಅರಮನೆಯಲ್ಲಿ ಕೆಲಸಕ್ಕಿದ್ದು ಸತ್ತವಳು, ಅದಕ್ಕೆ ಕಾರಣ ಯಾರು ಅಂತ ಹುಡುಕಲು ಬಂದಿದ್ದಾಳೆ. 70 ಎಪಿಸೋಡ್. ಅತ್ತೆಗೆ ಇಂಗ್ಲಿಷ್ ಸಬ್‌ಟೈಟಲ್ ಓದಲು ಬರುವುದಿಲ್ಲ, ಹಾಗಾಗಿ ನಾನು ಓದಿ ಕನ್ನಡದಲ್ಲಿ ಹೇಳುತ್ತಾ ಹೋದೆ. ಮೊದಮೊದಲು ತಡವರಿಸುತ್ತಿದ್ದೆ. ಹತ್ತು ಎಪಿಸೋಡ್ ಆಗುವಷ್ಟರಲ್ಲಿ ರಾಣಿಯರೆಲ್ಲ ಧಾರವಾಡದ ಮಾತಿನಲ್ಲೇ ಜಗಳ ಆಡತೊಡಗಿದರು, ಯಾಕೆಂದರೆ ನಾನು ತಪ್ಪಿದರೆ ಅತ್ತೆ ತಿದ್ದುತ್ತಿದ್ದರು: "ಹಂಗನ್ನೂದಿಲ್ಲ ಆಕಿ. ಆಕಿ ಮಾರಿ ನೋಡು, 'ಭಾಳ ಶ್ಯಾಣ್ಯಾಕಿ ಇದ್ದೀ' ಅಂತ ಚುಚ್ಚಿ ಮಾತಾಡಲಿಕತ್ತಾಳ."

ಹೊಸದಾಗಿ ಶುರು ಮಾಡುವವರು ಎಡವುವುದು ಹೆಸರುಗಳಲ್ಲಿ. ಎಲ್ಲರೂ ಒಂದೇ ಥರ ಕಾಣುತ್ತಾರೆ ಅನ್ನುವುದು ಎರಡು ದಿನದ ಮಾತು, ಆಮೇಲೆ ಮುಖ ತಾನೇ ಗುರುತಾಗುತ್ತದೆ. ಹೆಸರು ಹಾಗಲ್ಲ. ಅಂತಃಪುರದ ಕಥೆಗಳಲ್ಲಿ ಒಬ್ಬಳಿಗೆ ಹುಟ್ಟಿನ ಹೆಸರು, ಮನೆತನದ ಹೆಸರು, ಅದರ ಮೇಲೆ ಪದವಿ. ಚಿಂಗ್ ವಂಶದ ಅಂತಃಪುರದಲ್ಲಿ ಪಟ್ಟದ ರಾಣಿಯಿಂದ ಕೆಳಗಿನವರೆಗೆ ಎಂಟು ಮೆಟ್ಟಿಲು. ಪಟ್ಟದ ರಾಣಿ ಒಬ್ಬಳೇ. ಅವಳ ಕೆಳಗಿನ ಮೆಟ್ಟಿಲುಗಳಲ್ಲಿ ಒಬ್ಬಳು, ಇಬ್ಬರು, ನಾಲ್ವರು, ಆರು ಮಂದಿ ಹೀಗೆ ಲೆಕ್ಕ. ಕೊನೆಯ ಮೂರು ಮೆಟ್ಟಿಲಿಗೆ ಲೆಕ್ಕವೇ ಇಲ್ಲ. ಬಡ್ತಿ ಸಿಕ್ಕಿದರೆ ಕರೆಯುವ ಹೆಸರೂ ಬದಲಾಗುತ್ತದೆ. ನಾನು ಎಕ್ಸೆಲ್ ಶೀಟ್ ಮಾಡಿದೆ. ಅತ್ತೆ ಶೀಟ್ ಗೀಟ್ ಏನೂ ಇಲ್ಲದೆ 'ಮೂಗಿನಾಕಿ', 'ಹಸಿರು ಸೀರಿ', 'ಸಣ್ಣ ಬಾಯಿಯಾಕಿ' ಅಂತ ಅಡ್ಡಹೆಸರಿಟ್ಟುಕೊಂಡು ನನಗಿಂತ ಮುಂದೆ ಹೋದರು. ನಿಮಗೂ ಅದೇ ವಿಧಾನ ಹೇಳುತ್ತೇನೆ. ಮೊದಲ ಮೂರು ಎಪಿಸೋಡ್ ಏನೂ ಅರ್ಥವಾಗದಿದ್ದರೂ ಬಿಡಬೇಡಿ.

ತುಟಿಗೂ ದನಿಗೂ ಹೊಂದುತ್ತಿಲ್ಲ ಅನ್ನಿಸಿದರೆ ನಿಮ್ಮ ಟಿವಿಯ ತಪ್ಪಲ್ಲ. ಚೀನಾದಲ್ಲೇ ಬಹಳಷ್ಟು ಧಾರಾವಾಹಿಗಳಿಗೆ ಡಬ್ಬಿಂಗ್ ಕಲಾವಿದರು ದನಿ ಕೊಡುತ್ತಾರೆ.

ಯಾನ್‌ಶಿಯಲ್ಲಿ ನಮ್ಮಿಬ್ಬರನ್ನೂ ಹಿಡಿದದ್ದು ಒಡವೆ. ರಾಣಿಯರ ಒಂದೊಂದು ಕಿವಿಯಲ್ಲಿ ಮೂರು ಮೂರು ಓಲೆ. ಅದು ಮಾಂಚು ಜನರ ನಿಜವಾದ ಪದ್ಧತಿ. ಅತ್ತೆ ತಮ್ಮ ಕಿವಿಯ ಮೇಲಂಚನ್ನು ಮುಟ್ಟಿಕೊಂಡು, ಮುಚ್ಚಿಹೋದ ಬುಗುಡಿಯ ತೂತು ತೋರಿಸಿದರು. ಹತ್ತು ವರ್ಷದಲ್ಲಿ ನಾನು ಅದನ್ನು ನೋಡಿಯೇ ಇರಲಿಲ್ಲ.

ಆ ಕಥೆಯಲ್ಲಿ ಒಬ್ಬ ಕೇಡಿಗಿತ್ತಿ ಇದ್ದಾಳೆ, ಹೊಯ್‌ಫಾ-ನಾರಾ ಮನೆತನದವಳು. ಮೊದಲು ಸಾಧು, ಆಮೇಲೆ ಒಬ್ಬೊಬ್ಬರನ್ನೇ ಮುಗಿಸುತ್ತಾ ಪಟ್ಟದ ರಾಣಿಯಾಗುತ್ತಾಳೆ. ಅತ್ತೆ ಅವಳಿಗೆ ಹಾಕದ ಶಾಪವಿಲ್ಲ. ಅದು ಮುಗಿದ ಮೇಲೆ ನಾನು ಬೇಕೆಂದೇ 'ರುಯೀಸ್ ರಾಯಲ್ ಲವ್ ಇನ್ ದ ಪ್ಯಾಲೇಸ್' ಹಾಕಿದೆ. ಅದೇ 2018ರಲ್ಲಿ ಬಂದದ್ದು, ಅದೇ ಚಕ್ರವರ್ತಿ, ಅದೇ ಅರಮನೆ, 87 ಎಪಿಸೋಡ್. ಆದರೆ ಇಲ್ಲಿ ನಾಯಕಿಯೇ ಆ ನಾರಾ! ಅಲ್ಲಿ ನಾಯಕಿಯಾಗಿದ್ದ ವೇ ಮನೆತನದವಳು ಇಲ್ಲಿ ಕೇಡಿಗಿತ್ತಿ. ಅತ್ತೆಗೆ ಗೊತ್ತಾಗಲು ಕೆಲವು ದಿನ ಹಿಡಿಯಿತು. ಗೊತ್ತಾದ ರಾತ್ರಿ ಟಿವಿ ನಿಲ್ಲಿಸಲು ಹೇಳಿ, "ಅಂದ್ರ ನಾ ಬೈದದ್ದು ಇಕಿಗೇನು?" ಅಂದರು. ಬಹಳ ಹೊತ್ತು ನಕ್ಕೆವು. ನನ್ನ ಗಂಡ ಕೋಣೆಯಿಂದ ಎದ್ದು ಬಂದರು, ಅಮ್ಮ ನಗುವುದನ್ನು ಕೇಳಿ.

ಇತಿಹಾಸದ ನಾರಾ ರಾಣಿಯ ಕಥೆ ಕಷ್ಟದ್ದು. 1765ರಲ್ಲಿ ಚಕ್ರವರ್ತಿಯ ಜೊತೆ ದಕ್ಷಿಣದ ಪ್ರವಾಸಕ್ಕೆ ಹೋದವಳನ್ನು ಅರ್ಧ ದಾರಿಯಿಂದ ರಾಜಧಾನಿಗೆ ವಾಪಸ್ ಕಳುಹಿಸಿದರು. ಅವಳು ತನ್ನ ಕೂದಲು ಕತ್ತರಿಸಿಕೊಂಡಳು ಅಂತ ಆಮೇಲೆ ಚಕ್ರವರ್ತಿಯೇ ಹೇಳಿದ. ಮಾಂಚು ಹೆಂಗಸರು ಗಂಡನಂಥ ಹತ್ತಿರದ ಹಿರಿಯರು ಸತ್ತಾಗ ಮಾತ್ರ ಕೂದಲು ಕತ್ತರಿಸುತ್ತಿದ್ದರು. ಗಂಡ ಬದುಕಿರುವಾಗ ಕತ್ತರಿಸಿದರೆ ಅವನಿಗೆ ಸಾವು ಬಯಸಿದಂತೆ. ಮರುವರ್ಷ ಅವಳು ಸತ್ತಳು, ಪಟ್ಟದ ರಾಣಿಗೆ ಸಲ್ಲಬೇಕಾದ ಅಂತ್ಯಸಂಸ್ಕಾರ ಸಿಗಲಿಲ್ಲ.

ಧಾರಾವಾಹಿಯಲ್ಲಿ ಆ ದೃಶ್ಯ ಬಂದಾಗ ನಾನು ಸಬ್‌ಟೈಟಲ್ ಓದುವುದನ್ನು ನಿಲ್ಲಿಸಿದೆ, ಓದುವ ಅಗತ್ಯವೂ ಇರಲಿಲ್ಲ. ಅತ್ತೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ತಮ್ಮ ಅಜ್ಜಿಯ ಬಗ್ಗೆ ಹೇಳಿದರು. ಮಡಿ ಅಜ್ಜಿ. ಇಪ್ಪತ್ತರ ಆಸುಪಾಸಿನಲ್ಲಿ ಗಂಡ ಹೋದ, ತಲೆ ಬೋಳಿಸಿದರು, ಆಮೇಲೆ ಬದುಕೆಲ್ಲ ಕೆಂಪು ಸೀರೆ, ತಲೆಯ ಮೇಲೆ ಸೆರಗು. ಪುಟ್ಟ ಹುಡುಗಿ ಅತ್ತೆಗೆ ಜಡೆ ಹೆಣೆಯುವುದೆಂದರೆ ಆ ಅಜ್ಜಿಗೆ ಪಂಚಪ್ರಾಣವಂತೆ. "ದಿನಾ ಎರಡು ಸಲ ಹೆಣೀತಿದ್ಲು. ಬಿಚ್ಚೋದು, ಮತ್ತ ಹೆಣೆಯೋದು. ನನಗ ಆಗ ಸಿಟ್ಟು ಬರ್ತಿತ್ತು." ಅಷ್ಟು ಹೇಳಿ, ಮಾವ ಹೋದ ದಿನ ಯಾರೋ ಬಂಧುಗಳು ಬಳೆ, ಕುಂಕುಮದ ವಿಷಯದಲ್ಲಿ ಏನಂದರು, ತಾವು ಏನನ್ನೂ ಹೇಳಲಾಗದೆ ಹೇಗೆ ಕೂತಿದ್ದೆ ಅನ್ನುವುದನ್ನೂ ಹೇಳಿದರು. ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಮಾರನೇ ದಿನ ಬೆಳಿಗ್ಗೆ ಹಸಿರು ಬಳೆ ಹಾಕಿಕೊಂಡು ಅಡುಗೆಮನೆಗೆ ಬಂದರು. ನಾನು ಚಹಾ ಕೊಟ್ಟೆ, ಇಬ್ಬರೂ ಅದರ ಮಾತೆತ್ತಲಿಲ್ಲ.

ಇನ್ನು, 'ಚೀನಾದ್ದು ಯಾಕೆ ನೋಡಬೇಕು' ಅಂತ ಕೆಲವರ ಮನಸ್ಸಿನಲ್ಲಿರಬಹುದು. ಗಾಲ್ವಾನ್ ನಂತರ ನಾನೂ ಒಂದು ವರ್ಷ ಮುಟ್ಟಿರಲಿಲ್ಲ. ಬೇಡ ಅನ್ನುವವರ ಜೊತೆ ವಾದ ಮಾಡುವುದಿಲ್ಲ. ಅಲ್ಲಿನ ಸರ್ಕಾರದ ಕತ್ತರಿ ದಾಟಿ ಬಂದ ಇತಿಹಾಸ ಇದು ಅನ್ನುವುದು ಮಾತ್ರ ನೆನಪಿರಲಿ. 2019ರ ಆರಂಭದಲ್ಲಿ ಅಲ್ಲಿನ ಸರ್ಕಾರಿ ಪತ್ರಿಕೆಯೊಂದು ಈ ಅಂತಃಪುರದ ಕಥೆಗಳನ್ನೇ ಸಮಾಜಕ್ಕೆ ಕೆಟ್ಟದ್ದು ಅಂತ ಬೈದಿತ್ತು.

ಎಲ್ಲಿಂದ ಶುರು ಮಾಡುವುದು? ಅರಮನೆ ಬೇಡ, ಮನೆ ಸಾಕು ಅನ್ನುವವರಿಗೆ 'ಸ್ಟೋರಿ ಆಫ್ ಮಿಂಗ್‌ಲಾನ್'. ಸಾಂಗ್ ವಂಶದ ಕಾಲದ ಒಬ್ಬ ಅಧಿಕಾರಿಯ ಮನೆ. ಕಿರಿಯ ಹೆಂಡತಿಯ ಮಕ್ಕಳು ಹಿರಿಯ ಹೆಂಡತಿಯನ್ನು ಅಮ್ಮ ಅನ್ನಬೇಕು, ಹೆತ್ತವಳನ್ನು 'ಶಿಯಾವೊ ನಿಯಾಂಗ್' ಅನ್ನಬೇಕು. ಪದಕ್ಕೆ ಪದ ಹೇಳಿದರೆ ಅದು ನಮ್ಮ 'ಚಿಕ್ಕಮ್ಮ'! ಹೆತ್ತ ತಾಯಿಯನ್ನು ಚಿಕ್ಕಮ್ಮ ಅನ್ನುವ ಆ ಹುಡುಗಿಯನ್ನು ನೋಡಿದರೆ ಹೊಟ್ಟೆ ಕಿವುಚುತ್ತದೆ. ರಾಜಕೀಯ, ಸಂಚು, ಸೇಡು ಇಷ್ಟವಿದ್ದರೆ 2015ರ 'ನಿರ್ವಾಣ ಇನ್ ಫೈರ್', 54 ಎಪಿಸೋಡ್. ನನ್ನ ಪ್ರಕಾರ ಇವೆಲ್ಲವುಗಳಲ್ಲಿ ಬರವಣಿಗೆ ಅತ್ಯಂತ ಬಿಗಿಯಾಗಿರುವುದು ಅದರದ್ದೇ, ಆದರೆ ನಾಯಕನೊಬ್ಬನಿಗೇ ಮೂರು ಹೆಸರು, ಎಚ್ಚರ. ಇಡೀ ಕಥೆ ಒಂದೇ ದಿನದಲ್ಲಿ ನಡೆಯುವ 'ದ ಲಾಂಗೆಸ್ಟ್ ಡೇ ಇನ್ ಚಾಂಗಾನ್' ಗಂಡಸರನ್ನೂ ಕೂರಿಸುತ್ತದೆ. ನಮ್ಮ ಮನೆಯಲ್ಲಿ ಕೂರಿಸಿತು. ಯೂಟ್ಯೂಬ್‌ನಲ್ಲೇ ಇಂಗ್ಲಿಷ್ ಸಬ್‌ಟೈಟಲ್ ಸಹಿತ ಬೇಕಾದಷ್ಟು ಸಿಗುತ್ತವೆ. ದಿನಕ್ಕೆ ಎರಡೇ ಅಂತ ಮೊದಲೇ ಗೆರೆ ಎಳೆದುಕೊಳ್ಳಿ. ನಾನು ಎಳೆದುಕೊಳ್ಳದೆ ಒಂದು ಸೋಮವಾರದ ಬೆಳಗಿನ ಮೀಟಿಂಗ್‌ನಲ್ಲಿ ತೂಕಡಿಸಿದ್ದೇನೆ.

ಈ ಕಥೆಗಳ ಕಾಲದಲ್ಲಿ ತಂದೆ ಅಥವಾ ತಾಯಿ ಸತ್ತರೆ ಅಧಿಕಾರಿ ಹುದ್ದೆ ಬಿಟ್ಟು 27 ತಿಂಗಳು ಶೋಕ ಆಚರಿಸಬೇಕಿತ್ತು. ಇದನ್ನು ಹೇಳಿದಾಗ ಅತ್ತೆ ಮಗನ ಕೋಣೆಯ ಬಾಗಿಲಿನ ಕಡೆ ನೋಡಿ, "ಇಪ್ಪತ್ತೇಳು ತಿಂಗಳಾ! ಪಾಪ, ಇವಂಗ ಮೂರು ದಿನಾ ಕೊಟ್ರು" ಅಂದರು.

ಈಗ ನಾವು 2011ರ 'ಎಂಪ್ರೆಸೆಸ್ ಇನ್ ದ ಪ್ಯಾಲೇಸ್' ನೋಡುತ್ತಿದ್ದೇವೆ. 76ರಲ್ಲಿ 31 ಮುಗಿದಿದೆ. ಅತ್ತೆ ನಾದಿನಿಯ ಮನೆಗೆ ಅಂತ ಧಾರವಾಡಕ್ಕೆ ಹೋಗಿದ್ದಾರೆ. ಬಸ್ ಹತ್ತುವಾಗ, "ನಾ ಬರೂತನಕ ಮುಂದಿಂದು ನೋಡಬ್ಯಾಡ" ಅಂತ ಹೇಳಿ ಹೋದರು. ನಾನು ಎರಡು ನೋಡಿಬಿಟ್ಟಿದ್ದೇನೆ. ಈ ಸಂಚಿಕೆಯನ್ನು ಅವರಿಗೆ ಯಾರೂ ಫಾರ್ವರ್ಡ್ ಮಾಡಬೇಡಿ.